ಯುದ್ಧವಿಲ್ಲದ ದಿನದ ಸಾವು

ಅಧ್ಯಕ್ಷರಿಗೆ, ವೇದಿಕೆಯ ಮೇಲಿರುವ ಹಿರಿಯರಿಗೆ, ಮಾಜಿ ಸೈನಿಕ ಬಂಧುಗಳಿಗೆ ಮತ್ತು ಹಿಂದಿನ ಸಾಲುಗಳಲ್ಲಿ ಕುಳಿತಿರುವ ವಿದ್ಯಾರ್ಥಿಗಳಿಗೆ ನನ್ನ ನಮಸ್ಕಾರಗಳು.

ಸೈನಿಕರನ್ನು ನೆನೆಯುವುದು ಹೇಗೆಂದು ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾರ್ಯಪ್ಪ, ತಿಮ್ಮಯ್ಯನವರ ಹೆಸರು ತಿಳಿಯದ ಮಗು ಈ ಊರಿನಲ್ಲಿ ಸಿಗುವುದು ಕಷ್ಟ. ತಿಮ್ಮಯ್ಯನವರ ಮನೆ ಸನ್ನಿ ಸೈಡ್ ಈಗ ಸಂಗ್ರಹಾಲಯವಾಗಿ ನಮ್ಮ ಕಣ್ಣೆದುರಿಗೇ ಇದೆ. ಆಯುಧ ಪೂಜಿಸುವ ಕೈಲ್ ಪೊಳ್ದ್ ಹಬ್ಬ ಬಂತೆಂದರೆ ಕೋವಿಯ ಬಾಯಿಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ, ಮನೆಯ ನಡುಕೋಣೆಯಾದ ನೆಲ್ಲಕ್ಕಿಯ ದೀಪದ ಮುಂದೆ ಇಡುತ್ತೇವೆ. ಆಯುಧವನ್ನೂ ಆಯುಧ ಹಿಡಿದವರನ್ನೂ ಮರೆಯದ ನಾಡು ಇದು. ಆದರೂ ನಮ್ಮ ನೆನಪಿನಲ್ಲಿ ಒಂದು ಬಿಟ್ಟ ಸ್ಥಳವಿದೆಯೆಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿದೆ. ಇವತ್ತಿನ ಮಾತು ಅದರ ಬಗ್ಗೆ.

ಮೊದಲು ನಮ್ಮವರದೇ ಒಂದು ಕಥೆ. 1965ರ ಸೆಪ್ಟೆಂಬರ್ 7ರಂದು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು ಮಿಸ್ಟೇರ್ ಯುದ್ಧವಿಮಾನದಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋದವರು ಹಿಂತಿರುಗಲಿಲ್ಲ. ತಮಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಅವರು ಎದುರಿಸಿದ ವಿಷಯ ನಮಗೆ ತಿಳಿದದ್ದು ಪಾಕಿಸ್ತಾನದ ಕಡೆಯ ವಿವರಗಳು ಹೊರಬಿದ್ದ ಮೇಲೆ, ಅಂದರೆ ಬಹಳ ವರ್ಷಗಳ ನಂತರ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಶತ್ರುವಿನ ಆಕಾಶದಲ್ಲಿ, ಬಹಿರಂಗ ಯುದ್ಧದಲ್ಲಿ ಮಡಿದವರಿಗೇ ಇಪ್ಪತ್ತಮೂರು ವರ್ಷ ಹಿಡಿಯಿತು ಎಂದ ಮೇಲೆ, ಯುದ್ಧವಿಲ್ಲದ ದಿನ, ಶತ್ರುವೇ ಇಲ್ಲದ ಕಡೆ, ಮಾಮೂಲು ಅಭ್ಯಾಸದ ಹಾರಾಟದಲ್ಲಿ ತೀರಿಕೊಂಡವರ ಗತಿಯೇನು?

ಲೆಫ್ಟಿನೆಂಟ್ ಕಿರಣ್ ಶೇಖಾವತ್ ಎಂಬ ಹೆಸರನ್ನು ಇಲ್ಲಿ ಎಷ್ಟು ಮಂದಿ ಕೇಳಿದ್ದೀರಿ ಎಂದು ಕೈ ಎತ್ತಿಸಿ ಯಾರನ್ನೂ ಮುಜುಗರಕ್ಕೆ ಈಡುಮಾಡುವುದಿಲ್ಲ. ಅವರು ಕೊಡಗಿನವರಲ್ಲ, ರಾಜಸ್ಥಾನ ಮೂಲದ ಕುಟುಂಬದವರು. ತಂದೆಯೂ ನೌಕಾಪಡೆಯಲ್ಲಿ ದುಡಿದವರು. 2010ರಲ್ಲಿ ನೌಕಾಪಡೆ ಸೇರಿದ ಅವರು ತರಬೇತಿ ಪಡೆದದ್ದು ಏಳಿಮಲದ ಅಕಾಡೆಮಿಯಲ್ಲಿ. ನಾವು ವಿರಾಜಪೇಟೆಯಿಂದ ಮಾಕುಟ್ಟದ ಘಾಟಿ ಇಳಿದರೆ ಸಿಗುವ ಕಣ್ಣೂರು ಜಿಲ್ಲೆಯದೇ ಆ ಏಳಿಮಲ. 2015ರ ಜನವರಿ 26ರಂದು ದೆಹಲಿಯ ರಾಜಪಥದಲ್ಲಿ ನಡೆದ ನೌಕಾಪಡೆಯ ಮಹಿಳಾ ತುಕಡಿಯಲ್ಲಿ ಅವರೂ ಹೆಜ್ಜೆ ಹಾಕಿದ್ದರು. ಅದಾಗಿ ಎರಡು ತಿಂಗಳೂ ತುಂಬಿರಲಿಲ್ಲ. ಮಾರ್ಚ್ 24ರ ರಾತ್ರಿ ತರಬೇತಿ ಹಾರಾಟದಲ್ಲಿದ್ದ ಡಾರ್ನಿಯರ್ ವಿಮಾನವೊಂದು ಗೋವಾದ ನೈಋತ್ಯಕ್ಕೆ ಸಮುದ್ರದಲ್ಲಿ ಬಿತ್ತು. ಅದರಲ್ಲಿದ್ದವರು ಮೂವರು. ಒಬ್ಬ ಕಮಾಂಡರ್‌ರನ್ನು ಮೀನುಗಾರರ ದೋಣಿ ಎತ್ತಿಕೊಂಡಿತು. ಕಿರಣ್ ಅವರ ದೇಹ ಎರಡು ದಿನಗಳ ನಂತರ ಮುಳುಗಿದ ವಿಮಾನದೊಳಗೇ ಸಿಕ್ಕಿತು. ಪೈಲಟ್ ಲೆಫ್ಟಿನೆಂಟ್ ಅಭಿನವ್ ನಾಗೋರಿಯವರ ದೇಹಕ್ಕಾಗಿ ಹುಡುಕಾಟ ಇನ್ನೂ ಕೆಲವು ದಿನ ನಡೆಯಿತು. ಕಿರಣ್ ಅವರು ಕರ್ತವ್ಯದಲ್ಲಿದ್ದಾಗ ಪ್ರಾಣ ಬಿಟ್ಟ ನೌಕಾಪಡೆಯ ಮೊದಲ ಮಹಿಳಾ ಅಧಿಕಾರಿ ಎಂದು ಪತ್ರಿಕೆಗಳು ಬರೆದವು. ಮಾತು ನಿಜ. ಆದರೆ ಅಲ್ಲಿಗೇ ನಿಂತುಬಿಟ್ಟರೆ ಅವರು ಸತ್ತದ್ದು ನಮಗೆ ಗೊತ್ತಾಯಿತೇ ಹೊರತು ಮಾಡುತ್ತಿದ್ದದ್ದು ಗೊತ್ತಾಗಲಿಲ್ಲ.

ಅವರು ಅಬ್ಸರ್ವರ್ ಆಗಿದ್ದರು. ಈ ಪದವನ್ನು ಕನ್ನಡದಲ್ಲಿ ‘ವೀಕ್ಷಕಿ’ ಎಂದುಬಿಟ್ಟರೆ ಕಿಟಕಿಯ ಪಕ್ಕ ಕುಳಿತು ಹೊರಗೆ ನೋಡುವವರು ಎಂದು ತೋರುತ್ತದೆ. ನನಗೆ ಆ ಅನುವಾದ ಒಪ್ಪಿಗೆಯಿಲ್ಲ. ಡಾರ್ನಿಯರ್ ಎರಡು ಇಂಜಿನಿನ, ಅಷ್ಟೇನೂ ದೊಡ್ಡದಲ್ಲದ ವಿಮಾನ. ಕಾನ್ಪುರದ ಎಚ್‌ಎಎಲ್ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಅದರ ಹೊಟ್ಟೆಯ ಕೆಳಗೆ ರಾಡಾರ್ ಇರುತ್ತದೆ. ಪರದೆಯ ಮೇಲೆ ಮೂಡುವ ನೂರಾರು ಚುಕ್ಕೆಗಳಲ್ಲಿ ಯಾವುದು ಸರಕಿನ ಹಡಗು, ಯಾವುದು ಮೀನಿನ ದೋಣಿ, ಯಾವುದು ಇರಬಾರದ ಕಡೆ ಇರುವ ಹಡಗು ಎಂದು ಬೇರ್ಪಡಿಸುವುದು, ವಿಮಾನ ಎಲ್ಲಿದೆ, ಎತ್ತ ತಿರುಗಬೇಕು ಎಂದು ಲೆಕ್ಕ ಹಾಕುವುದು ಅಬ್ಸರ್ವರ್ ಕೆಲಸ. ಪೈಲಟ್ ವಿಮಾನವನ್ನು ಹಾರಿಸುತ್ತಾರೆ. ಆ ಹಾರಾಟ ಯಾತಕ್ಕೆ ಎಂಬುದು ಅಬ್ಸರ್ವರ್ ಕೈಯಲ್ಲಿರುತ್ತದೆ. ಮಂಗಳೂರು, ಕಾರವಾರದ ಎದುರಿನ ನೀರಿನ ಮೇಲೆ ಯಾರು ಸುಳಿಯುತ್ತಿದ್ದಾರೆಂದು ದಿನವೂ ರಾತ್ರಿಯೂ ಗೊತ್ತಿರಬೇಕಾದರೆ ಇಂಥವರು ಯುದ್ಧಕ್ಕಾಗಿ ಕಾಯುತ್ತ ಕೂರುವಂತಿಲ್ಲ.

ನಾನು ಹದಿನೈದು ವರ್ಷ ನೌಕಾಪಡೆಯ ವಿಮಾನಗಳ ಇಂಜಿನು ನೋಡಿಕೊಂಡವನು. 2015ಕ್ಕೆ ಬಹಳ ಮೊದಲೇ ನಿವೃತ್ತನಾಗಿ ಕಾಫಿ ತೋಟಕ್ಕೆ ಮರಳಿದ್ದೆ. ಕಿರಣ್ ಅವರನ್ನು ಕಂಡವನಲ್ಲ. ಆದರೆ ಆ ವಯಸ್ಸಿನ ಅಧಿಕಾರಿಗಳು ವಿಮಾನ ಹತ್ತುವುದನ್ನು ದಿನಾ ಕಂಡಿದ್ದೇನೆ. ನಮ್ಮ ದೊಡ್ಡ ವೈರಿ ಉಪ್ಪು. ಸಮುದ್ರದ ಮೇಲೆ ತಗ್ಗಿನಲ್ಲಿ ಹಾರಿ ಬಂದ ವಿಮಾನವನ್ನು ಸಿಹಿನೀರಿನಿಂದ ತೊಳೆಯದೆ ಬಿಟ್ಟರೆ ಲೋಹದ ಸಂದುಗಳಲ್ಲಿ ಬಿಳಿಯ ಪುಡಿಯಂತೆ ತುಕ್ಕು ಏಳುತ್ತದೆ. ನಾವು ತೊಳೆದು, ಒರೆಸಿ, ಪರೀಕ್ಷಿಸಿ, ಪುಸ್ತಕದಲ್ಲಿ ಸಹಿ ಮಾಡಿದ ಮೇಲೆ ಪೈಲಟ್ ಬಂದು ಸುತ್ತು ಹಾಕುತ್ತಿದ್ದರು. ಕೆಂಪು ಪಟ್ಟಿ ಕಟ್ಟಿದ ಪಿನ್ನುಗಳೆಲ್ಲ ತೆಗೆದಿವೆಯೇ ಎಂದು ಎಣಿಸಿ, ರೆಕ್ಕೆಯ ಅಂಚಿನ ಮೇಲೆ ಅಂಗೈ ಎಳೆದು, ವಿಮಾನವನ್ನು ವಹಿಸಿಕೊಂಡೆನೆಂದು ಅವರೂ ಸಹಿ ಹಾಕಬೇಕು. ಒಬ್ಬ ಯುವ ಲೆಫ್ಟಿನೆಂಟ್ ಸಹಿಗೆ ಯಾವಾಗಲೂ ನನ್ನ ಪೆನ್ನನ್ನೇ ಕೇಳುತ್ತಿದ್ದರು, ಜೇಬಿಗೆ ಸೇರಿಸಿಕೊಂಡೇ ಹೋಗುತ್ತಿದ್ದರು, ಇಳಿದು ಬಂದ ಮೇಲೆ ನಗುತ್ತ ಕೊಡುತ್ತಿದ್ದರು. ಅವರು ಇಳಿದು ಬಂದು ಪೆನ್ನು ಕೊಡುವ ತನಕ ನಮ್ಮ ಯಾರ ಪಾಳಿಯೂ ಮುಗಿದಂತೆ ಅನ್ನಿಸುತ್ತಿರಲಿಲ್ಲ.

ರಾತ್ರಿ ಸಮುದ್ರದ ಮೇಲೆ ಹಾರುವುದನ್ನು ಕೊಡಗಿನವರಿಗೆ ವಿವರಿಸುವುದು ಸುಲಭ. ಮಳೆಗಾಲದಲ್ಲಿ ಭಾಗಮಂಡಲದಿಂದ ತಲಕಾವೇರಿಗೆ ಹತ್ತುವಾಗ ಮಂಜು ಕವಿದರೆ ರಸ್ತೆಯೆಲ್ಲಿ, ಕಂದಕವೆಲ್ಲಿ ಎಂದು ತಿಳಿಯದೆ ಜೀಪು ನಿಲ್ಲಿಸುತ್ತೇವೆ. ವಿಮಾನವನ್ನು ನಿಲ್ಲಿಸುವಂತಿಲ್ಲ. ಚಂದ್ರನಿಲ್ಲದ ರಾತ್ರಿ ಕೆಳಗಿನ ಕಪ್ಪು, ಮೇಲಿನ ಕಪ್ಪು ಒಂದೇ ಆಗಿ, ದೋಣಿಯ ದೀಪ ನಕ್ಷತ್ರದಂತೆ ಕಾಣುತ್ತದೆ. ಕಿವಿಯೊಳಗಿನ ಸಮತೋಲದ ಅಂಗ ಸುಳ್ಳು ಹೇಳಲಾರಂಭಿಸುತ್ತದೆ; ವಾಲಿರುವ ವಿಮಾನ ನೆಟ್ಟಗಿದೆಯೆಂದು ಮೈ ನಂಬುತ್ತದೆ. ಮೈಯನ್ನು ನಂಬದೆ ಮುಂದಿರುವ ಮುಳ್ಳುಗಳನ್ನು ನಂಬುವುದನ್ನು ಕಲಿಯಬೇಕು, ಅದನ್ನು ಕತ್ತಲಲ್ಲಿ ಹಾರಿಯೇ ಕಲಿಯಬೇಕು. ಆ ರಾತ್ರಿಯ ಅಪಘಾತದ ಕಾರಣವನ್ನು ಊಹಿಸಲು ನಾನು ಇದನ್ನು ಹೇಳುತ್ತಿಲ್ಲ. ‘ಬರೀ ಅಭ್ಯಾಸ’ ಎಂಬ ನಮ್ಮ ಮಾತಿನಲ್ಲಿರುವ ‘ಬರೀ’ ಎಂಬುದನ್ನು ತೆಗೆದುಹಾಕಲು ಹೇಳುತ್ತಿದ್ದೇನೆ.

ಕಲಿಸುವವರಿಗೂ ಅಪಾಯ ಅಷ್ಟೇ. 2020ರ ನವೆಂಬರ್ 26ರಂದು ಮಿಗ್-29ಕೆ ತರಬೇತಿ ವಿಮಾನ ಅರಬ್ಬೀ ಸಮುದ್ರಕ್ಕೆ ಬಿದ್ದಾಗ ಕಲಿಯುತ್ತಿದ್ದ ಪೈಲಟ್ ಬದುಕಿದರು. ಕಲಿಸುತ್ತಿದ್ದ ಕಮಾಂಡರ್ ನಿಶಾಂತ್ ಸಿಂಗ್ ಸಿಕ್ಕಿದ್ದು ಹನ್ನೊಂದು ದಿನಗಳ ಹುಡುಕಾಟದ ನಂತರ, ಗೋವಾ ತೀರದಿಂದ ಸುಮಾರು ಮೂವತ್ತು ಮೈಲಿ ಆಚೆ, ಎಪ್ಪತ್ತು ಮೀಟರ್ ಆಳದಲ್ಲಿ. ನಮ್ಮಲ್ಲಿ ಸಾವಿನ ಸುದ್ದಿಯನ್ನು ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿಯಿದೆ. ಹನ್ನೊಂದು ದಿನ ಆ ಮನೆಯವರು ಯಾವ ಸದ್ದಿಗಾಗಿ ಕಿವಿಗೊಟ್ಟು ಕುಳಿತಿದ್ದರೋ ಎಂದು ನನಗೆ ಈಗಲೂ ಯೋಚನೆ ಬರುತ್ತದೆ.

ಪ್ರತಿ ಅಪಘಾತದ ನಂತರ ವಿಚಾರಣಾ ಮಂಡಳಿ ಕೂರುತ್ತದೆ. ಸತ್ತವರ ಮೇಲೆ ತಪ್ಪು ಹೊರಿಸುವ ಏರ್ಪಾಡು ಇದು ಎಂದು ಕೆಲವರು ಸಿಟ್ಟಾಗುತ್ತಾರೆ. ನನ್ನ ಅನುಭವ ಬೇರೆ. ನಮ್ಮ ತಪಾಸಣೆಯ ಪಟ್ಟಿಗೆ ಆಗಾಗ ಹೊಸದೊಂದು ಸಾಲು ಸೇರುತ್ತಿತ್ತು: ಇಂಥ ಬೋಲ್ಟನ್ನು ಇನ್ನೊಮ್ಮೆ ನೋಡಿ, ಇಂಥ ಪೈಪನ್ನು ಇಷ್ಟು ಗಂಟೆಗೊಮ್ಮೆ ಬದಲಿಸಿ. ಯಾಕೆಂದು ಅಲ್ಲಿ ಬರೆದಿರುತ್ತಿರಲಿಲ್ಲ, ಯಾರ ಹೆಸರೂ ಇರುತ್ತಿರಲಿಲ್ಲ. ಹಳೆಯ ಚೀಫ್, ಅಂದರೆ ಹಿರಿಯ ನಾವಿಕರೊಬ್ಬರು ಮಾತ್ರ ಹುಡುಗರಿಗೆ, “ಈ ಸಾಲನ್ನು ಹಾರಿಸಿ ಓದಬೇಡ ಮಗ, ಇದಕ್ಕೆ ಯಾರೋ ಬೆಲೆ ಕೊಟ್ಟಿದ್ದಾರೆ,” ಎನ್ನುತ್ತಿದ್ದರು. ನಾನು ಕಂಡ ಸ್ಮಾರಕಗಳಲ್ಲಿ ದಿನಾ ಕೈಯಿಂದ ಮುಟ್ಟುತ್ತಿದ್ದದ್ದು ಅದೊಂದೇ.

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ಕೊಡಗಿನ ಐನ್‌ಮನೆಗಳ, ಅಂದರೆ ಕುಟುಂಬದ ಮೂಲಮನೆಗಳ ಗೋಡೆಯಲ್ಲಿ ಸಮವಸ್ತ್ರದ ಫೋಟೋಗಳು ಬೇಕಾದಷ್ಟಿವೆ. ಹಾರಾಟದಲ್ಲಿ, ಹಡಗಿನಲ್ಲಿ, ಅಭ್ಯಾಸದ ಮೈದಾನದಲ್ಲಿ ತೀರಿಕೊಂಡವರ ಫೋಟೋ ಇದ್ದರೆ ಅದರ ಕೆಳಗೆ ಹುಟ್ಟಿದ ದಿನ, ಸತ್ತ ದಿನ ಬರೆದು ಅಷ್ಟಕ್ಕೇ ಬಿಡಬೇಡಿ. ಯಾವ ವಿಮಾನ, ಯಾವ ಆಸನ, ಆ ದಿನ ಕೈಯಲ್ಲಿದ್ದ ಕೆಲಸವೇನು ಎಂದು ಕೇಳಿ ತಿಳಿದು ಬರೆಯಿರಿ. ಜೊತೆಯಲ್ಲಿ ದುಡಿದವರು ಇನ್ನೂ ಬದುಕಿರುವಾಗಲೇ ಕೇಳಿ.

ನನ್ನ ಸಮಯ ಮುಗಿಯಿತೆಂದು ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಡಾರ್ನಿಯರ್ ವಿಮಾನದ ಒಳಭಾಗದ ಚಿತ್ರವೊಂದನ್ನು ಕೈಯಲ್ಲಿ ಬರೆದು ತಂದಿದ್ದೇನೆ. ವಿದ್ಯಾರ್ಥಿಗಳು ಚಹಾ ಕುಡಿಯುವಾಗ ಈ ಮೇಜಿನ ಹತ್ತಿರ ಬಂದರೆ ಅಬ್ಸರ್ವರ್ ಕುಳಿತುಕೊಳ್ಳುವ ಜಾಗ ಯಾವುದೆಂದು ತೋರಿಸುತ್ತೇನೆ.