ಹದಿನೆಂಟರ ಮಾರನೆಯ ದಿನ

ಕೇಳುಗರೇ, ನಮಸ್ಕಾರ.

ಕೆಲಸಕ್ಕೆ ಸೇರುವಾಗ ತುಂಬುವ ಅರ್ಜಿಯಲ್ಲಿ ಒಂದು ಸಾಲು ಇರುತ್ತದೆ. ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು? ನಾವು ಅಪ್ಪನದೋ ಅಕ್ಕನದೋ ಫೋನ್ ನಂಬರ್ ಬರೆದು ಮುಂದಿನ ಸಾಲಿಗೆ ಹೋಗುತ್ತೇವೆ. ಹೆತ್ತವರ ಆಸರೆಯಿಲ್ಲದೆ ಪಾಲನಾ ಕೇಂದ್ರದಲ್ಲೋ, ಬೇರೆ ಕುಟುಂಬ ಸಾಕುವ ಸಾಕುಮನೆಯಲ್ಲೋ ಬೆಳೆದ ಹುಡುಗಿ ಅಲ್ಲೇ ಪೆನ್ನು ಹಿಡಿದು ಸುಮ್ನೆ ಕೂತುಬಿಡುತ್ತಾಳೆ. ಯಾರ ಹೆಸರು ಬರೆಯಬೇಕು ಅವಳು?

ನಿನ್ನೆಯವರೆಗೆ ಅವಳಿಗೆ ಊಟವಿತ್ತು, ಹಾಸಿಗೆಯಿತ್ತು, ತಡವಾದರೆ ಕೇಳುವವರಿದ್ದರು. 18 ತುಂಬಿತು, ಕಾನೂನಿನ ಲೆಕ್ಕದಲ್ಲಿ ದೊಡ್ಡವಳಾದಳು, ಆ ಆಸರೆ ಮುಗಿಯಿತು. ಗೆರೆಯನ್ನು ಎಲ್ಲೋ ಒಂದು ಕಡೆ ಎಳೆಯಲೇಬೇಕು, ಒಪ್ಪುತ್ತೇನೆ. ಆದರೆ ಹೆತ್ತವರು ತಮ್ಮ ಮಕ್ಕಳನ್ನು ಹುಟ್ಟುಹಬ್ಬದ ಮಾರನೆಯ ದಿನವೇ ನಿನ್ನ ದಾರಿ ನೋಡಿಕೋ ಅಂತ ಕಳಿಸುವುದಿಲ್ಲ, ಅಲ್ವಾ?

ಸೇವಾ ಸಂಸ್ಥೆಗಳು ಇಲ್ಲಿ ಮಾಡುವ ಕೆಲಸ ನೋಡಲು ತೀರಾ ಸಣ್ಣದು. ಜನನ ಪ್ರಮಾಣಪತ್ರ ಹುಡುಕಿಸಿ ಕೊಡುತ್ತಾರೆ. ಬ್ಯಾಂಕ್ ಖಾತೆ ತೆರೆಸುತ್ತಾರೆ. ಬಾಡಿಗೆ ಕೋಣೆಗೆ ಮುಂಗಡ ಹೊಂದಿಸುತ್ತಾರೆ. ಮೊದಲ ಸಂಬಳ ಕೈಗೆ ಬರುವ ತನಕ ಆ ಒಂದು ತಿಂಗಳು ದಾಟಿಸುತ್ತಾರೆ. ಬುದ್ಧಿ ಇದ್ದೂ ಬರೀ ಒಂದು ಕಾಗದ ಸಿಗದೆ ಓದು ನಿಂತುಹೋಗುವುದುಂಟು.

ಇದಕ್ಕಿಂತ ಕಷ್ಟದ್ದು ಜೊತೆಗಿರುವ ಕೆಲಸ. 1904ರಲ್ಲಿ ಅರ್ನೆಸ್ಟ್ ಕೌಲ್ಟರ್ ಎಂಬುವರು ನ್ಯೂಯಾರ್ಕ್‌ನ ಮಕ್ಕಳ ನ್ಯಾಯಾಲಯದಲ್ಲಿ ಗುಮಾಸ್ತರಾಗಿದ್ದರು. ನ್ಯಾಯಾಲಯಕ್ಕೆ ಬರುವ ಹುಡುಗರನ್ನು ನೋಡಿ ನೋಡಿ ಮನಸ್ಸು ತಡೆಯಲಿಲ್ಲ. ಊರಿನ ಕೆಲವು ಗಂಡಸರನ್ನು ಕೇಳಿಕೊಂಡರು, ಒಬ್ಬೊಬ್ಬರು ಒಬ್ಬೊಬ್ಬ ಹುಡುಗನಿಗೆ ಅಣ್ಣನಂತೆ ಇರಿ ಅಂತ. ಇಂದಿನ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಸಂಸ್ಥೆಯ ಬೇರು ಅಲ್ಲಿದೆ.

ಇದೇ ಸಂಸ್ಥೆಯ ಮಕ್ಕಳ ಮಾಹಿತಿ ಇಟ್ಟುಕೊಂಡು ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಡನಾಟ ಒಂದು ವರ್ಷ ದಾಟಿದ ಕಡೆ ಮಕ್ಕಳಿಗೆ ಎಲ್ಲಕ್ಕಿಂತ ಜಾಸ್ತಿ ಒಳ್ಳೆಯದಾಗಿತ್ತು. ಶುರುವಾದ ಸ್ವಲ್ಪ ದಿನಕ್ಕೇ ಮುರಿದ ಕಡೆ ಮಕ್ಕಳು ಕೆಲವು ವಿಷಯಗಳಲ್ಲಿ ಮೊದಲಿಗಿಂತ ಕುಗ್ಗಿದ್ದರು. ಇದನ್ನು ಓದಿದಾಗ ನನಗೆ ಕಸಿವಿಸಿಯಾಯಿತು. ಒಳ್ಳೆಯ ಮನಸ್ಸಿನಿಂದ ಬಂದವರೇ ಅಲ್ವಾ ಅವರೆಲ್ಲ! ಆದರೆ ಹಲವರು ಬಿಟ್ಟುಹೋಗುವುದನ್ನು ನೋಡಿದ ಮಗುವಿಗೆ, ಹಾಗೆ ಹೋದವರಲ್ಲಿ ಇವರೂ ಒಬ್ಬರಾದರು.

ಹೀಗೆ ಒಬ್ಬೊಬ್ಬರ ಕೈ ಹಿಡಿಯುವಾಗಲೇ ಆ ಹದಿನೆಂಟರ ಗೆರೆಯನ್ನೂ ಸರಿಸಬೇಕು, ಅಂದರೆ ನಿಯಮವನ್ನೇ ಬದಲಿಸಬೇಕು. ಎಗ್ಲಂಟೈನ್ ಜೆಬ್ ಎಂಬ ಹೆಣ್ಣುಮಗಳು ಮಕ್ಕಳಿಗಾಗಿ ನೆರವು, ನಿಯಮ ಎರಡಕ್ಕೂ ದುಡಿದರು. ಮೊದಲ ಮಹಾಯುದ್ಧ ನಿಂತಿದ್ದರೂ ಆಸ್ಟ್ರಿಯಾ, ಜರ್ಮನಿಗಳ ಮಕ್ಕಳು ಹಸಿವಿನಿಂದ ನರಳುತ್ತಿದ್ದರು. 1919ರಲ್ಲಿ ಜೆಬ್ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಆ ಮಕ್ಕಳ ಚಿತ್ರವಿದ್ದ ಕರಪತ್ರ ಹಂಚಿದರು. ಪೊಲೀಸರು ಹಿಡಿದರು, ನ್ಯಾಯಾಲಯ 5 ಪೌಂಡ್ ದಂಡ ಹಾಕಿತು. ಅವರ ವಿರುದ್ಧ ವಾದಿಸಿದ ಸರ್ಕಾರಿ ವಕೀಲರೇ ಆ ದಂಡ ಕಟ್ಟಲು ಮುಂದೆ ಬಂದರು!

ಅದೇ ವರ್ಷ ಸೇವ್ ದಿ ಚಿಲ್ಡ್ರನ್ ಸಂಸ್ಥೆ ಹುಟ್ಟಿತು. ಹಣ ಕೂಡಿಸಿ ಊಟ ಕಳಿಸಿದ್ದಕ್ಕೆ ಜೆಬ್ ಸುಮ್ಮನಾಗಲಿಲ್ಲ. ಐದೇ ಅಂಶಗಳ ಒಂದು ಘೋಷಣೆ ಬರೆದರು. 1924ರಲ್ಲಿ, ವಿಶ್ವಸಂಸ್ಥೆಗೂ ಮೊದಲಿದ್ದ ರಾಷ್ಟ್ರಸಂಘ ಅದನ್ನು ಒಪ್ಪಿಕೊಂಡಿತು. ಅದರಲ್ಲೊಂದು ಅಂಶ, ಮಗು ಮುಂದೆ ತನ್ನ ಜೀವನ ತಾನೇ ನಡೆಸಲು ತಯಾರಾಗಬೇಕು, ಅದನ್ನು ಯಾರೂ ದುಡಿಸಿಕೊಂಡು ಶೋಷಿಸಬಾರದು ಎನ್ನುತ್ತದೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ಬಂದದ್ದು ಇದೇ ದಾರಿಯಲ್ಲಿ.

ಗೆರೆ ಸರಿಯುತ್ತಲೂ ಇದೆ. ಅಮೆರಿಕದಲ್ಲಿ 2008ರ ಕಾನೂನು ಸಾಕುಮನೆಯ ಆಸರೆಯನ್ನು 21ರವರೆಗೆ ಮುಂದುವರಿಸಲು ರಾಜ್ಯಗಳಿಗೆ ದಾರಿ ಮಾಡಿಕೊಟ್ಟಿತು. ಇಂಗ್ಲೆಂಡಿನಲ್ಲಿ 2017ರ ಕಾನೂನಿನ ಪ್ರಕಾರ, ಬೇಕೆಂದವರಿಗೆ 25ರವರೆಗೂ ಸಲಹೆಗಾರರೊಬ್ಬರು ಸಿಗುತ್ತಾರೆ. ಇಂಥ ಬದಲಾವಣೆ ಒಂದೇ ದಿನದಲ್ಲಿ ಬರುವುದಿಲ್ಲ. ವರ್ಷಗಟ್ಟಲೆ ಮನವಿ, ಸಭೆ, ಓಡಾಟ ಬೇಕು. ಅಲ್ಲಿ ಎಲ್ಲಕ್ಕಿಂತ ತೂಕದ ಮಾತು ಆ ಪಾಲನೆಯಲ್ಲೇ ಬೆಳೆದ ಹುಡುಗ ಹುಡುಗಿಯರದು. ಹದಿನೆಂಟರ ಆ ರಾತ್ರಿ ಹೇಗಿರುತ್ತದೆ ಅಂತ ಅವರಿಗೆ ಗೊತ್ತು.

ನಿಮ್ಮಲ್ಲಿ ಯಾರಿಗಾದರೂ ಇಂಥವರಿಗೆ ಜೊತೆಯಾಗುವ ಮನಸ್ಸಿದ್ದರೆ, ಹೆಸರು ಕೊಡುವ ಮೊದಲು ಒಂದು ವರ್ಷ ಇರಲು ಆಗುತ್ತದಾ ಅಂತ ನೋಡಿಕೊಳ್ಳಿ. ಆಗದಿದ್ದರೆ ಸಂಸ್ಥೆಯವರಿಗೆ ಅದನ್ನೇ ಹೇಳಿ, ಬೇರೆ ಕೆಲಸ ಕೇಳಿ. ಅರ್ಜಿ ತುಂಬಿಸುವುದು, ಲೆಕ್ಕ ಬರೆಯುವುದು, ಕಚೇರಿಗೆ ಜೊತೆಯಲ್ಲಿ ಹೋಗಿ ಬರುವುದು, ಇದೆಲ್ಲ ಅವರಿಗೆ ಬೇಕೇ ಬೇಕು. ಆಗುತ್ತದೆ ಅನ್ನುವವರು, ಆ ಅರ್ಜಿಯ ಸಾಲಿನಲ್ಲಿ ಬರೆದುಕೊಳ್ಳಲು ನಿಮ್ಮ ಫೋನ್ ನಂಬರ್ ಕೊಡಿ.

ನಮಸ್ಕಾರ.