ಲೌಂಡ್ಸ್‌ನ ಹಿತ್ತಲು

ಕೇಳುಗರಿಗೆಲ್ಲ ನಮಸ್ಕಾರ.

ಎರೆಹೊಲ ಇರುವವರಿಗೆ ನಾನು ಹೇಳಬೇಕಿಲ್ಲ. ಆ ಮಣ್ಣು ಒಮ್ಮೆ ನೆನೆಯಿತು ಅಂದರೆ ನೀರು ಕೆಳಗಿಳಿಯುವುದಿಲ್ಲ. ಕಾಲಿಟ್ಟರೆ ಚಪ್ಪಲಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಲೌಂಡ್ಸ್ ಅಂತ ಒಂದು ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದ್ದು, ಇದೆ. ಅಲ್ಲೂ ಇಂಥದೇ ಜಿಗುಟು ಮಣ್ಣು. ಅಲ್ಲೂ ಹತ್ತಿ ಬೆಳೆದರು, ಗುಲಾಮರ ಕೈಯಿಂದ. ಈಗಲೂ ಅಲ್ಲಿ ಹತ್ತರಲ್ಲಿ ಏಳು ಜನ ಕಪ್ಪು ಜನಾಂಗದವರು.

ಅಲ್ಲಿ ಎಷ್ಟೋ ಮನೆಗಳಿಗೆ ಒಳಚರಂಡಿಯೇ ಇಲ್ಲ. ಪಾಯಿಖಾನೆಯಿಂದ ಒಂದು ಪಿವಿಸಿ ಪೈಪು ಹೊರಡುತ್ತದೆ, ಹಿತ್ತಲಲ್ಲಿ ಮುಗಿಯುತ್ತದೆ. ಅಷ್ಟೇ. ಸೆಪ್ಟಿಕ್ ಟ್ಯಾಂಕ್ ಇದ್ದವರ ಪಾಡೂ ಹೆಚ್ಚೇನಲ್ಲ, ಜೋರು ಮಳೆ ಬಂದರೆ ಹೋದದ್ದೆಲ್ಲ ತಿರುಗಿ ಬಚ್ಚಲಿಗೇ ಬರುತ್ತದೆ. ಈ ಮಣ್ಣಿಗೆ ಒಗ್ಗುವ ಟ್ಯಾಂಕ್ ಬೇಕೆಂದರೆ 20 ಸಾವಿರ ಡಾಲರ್ ದಾಟುವುದೂ ಉಂಟು. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 55 ಜನರನ್ನು ಪರೀಕ್ಷಿಸಿದಾಗ 19 ಜನರಲ್ಲಿ, ಮಲ ಬೆರೆತ ಮಣ್ಣಿನಿಂದ ಮೈ ಸೇರುವ ಕೊಕ್ಕೆಹುಳುವಿನ ಕುರುಹು ಸಿಕ್ಕಿತ್ತು. ಜಗತ್ತಿನ ಸಿರಿವಂತ ದೇಶದ ಮಾತಿದು! ಸರ್ಕಾರ ಟ್ಯಾಂಕ್ ಕಟ್ಟಿಸಿತಾ? ಇಲ್ಲ. ಟ್ಯಾಂಕ್ ಇಲ್ಲದ್ದೇ ತಪ್ಪು ಅಂತ ಮನೆಯವರ ಮೇಲೇ ಕೇಸು ಹಾಕಿತು.

ಇದು ಸುಮ್ನೆ ಆದದ್ದಲ್ಲ. ಸೆಲ್ಮಾ ಊರಿನಿಂದ ರಾಜ್ಯದ ರಾಜಧಾನಿ ಮಾಂಟ್ಗೊಮರಿಗೆ ಹೊರಟ 1965ರ ಮತದಾನದ ಹಕ್ಕಿನ ನಡಿಗೆ ಈ ಕೌಂಟಿಯನ್ನು ಹಾದೇ ಹೋಗಿತ್ತು. ಆ ವರ್ಷ ಶುರುವಾದಾಗ ಇಲ್ಲಿನ ಒಬ್ಬನೇ ಒಬ್ಬ ಕಪ್ಪು ಮನುಷ್ಯನ ಹೆಸರೂ ಮತದಾರರ ಪಟ್ಟಿಯಲ್ಲಿರಲಿಲ್ಲ. ಆಮೇಲೆ ಹೆಸರು ಬರೆಸಿದವರಲ್ಲಿ ಕೆಲವರನ್ನು ಜಮೀನುದಾರರು ಒಕ್ಕಲೆಬ್ಬಿಸಿದರು. ಅವರು ಹೆದ್ದಾರಿ ಪಕ್ಕ ಡೇರೆ ಹಾಕಿಕೊಂಡು ಬದುಕಿದರು. ಓಟೇ ಇಲ್ಲದವರ ಮನೆಗೆ ಚರಂಡಿ ಯಾರು ಹಾಕಿಸುತ್ತಾರೆ, ಹೇಳಿ.

ಇಲ್ಲಿಯವರೇ ಆದ ಕ್ಯಾಥರಿನ್ ಕೋಲ್ಮನ್ ಫ್ಲವರ್ಸ್ ವರ್ಷಗಟ್ಟಲೆ ಈ ಹಿತ್ತಲುಗಳನ್ನು ಜಗತ್ತಿಗೆ ತೋರಿಸಿದರು. 2021ರಲ್ಲಿ ಕೇಂದ್ರದ ನ್ಯಾಯ ಇಲಾಖೆ ತನಿಖೆಗೆ ಇಳಿಯಿತು. ಅದು ಹಿಡಿದದ್ದು 1964ರ ನಾಗರಿಕ ಹಕ್ಕು ಕಾಯ್ದೆಯನ್ನು: ಕೇಂದ್ರದ ಹಣ ಪಡೆಯುವವರು ಜನಾಂಗ ನೋಡಿ ತಾರತಮ್ಯ ಮಾಡುವಂತಿಲ್ಲ. 2023ರ ಮೇ ತಿಂಗಳಲ್ಲಿ ರಾಜ್ಯದ ಆರೋಗ್ಯ ಇಲಾಖೆ ಜೊತೆ ಒಪ್ಪಂದವಾಯಿತು. ಕೇಸು ಹಾಕುವುದು ನಿಲ್ಲಬೇಕು, ಯಾವ ಮನೆಗೆ ಏನು ಬೇಕು ಅಂತ ನೋಡಬೇಕು.

2025ರ ಜನವರಿಯಲ್ಲಿ ಟ್ರಂಪ್ ಮತ್ತೆ ಅಧಿಕಾರಕ್ಕೆ ಬಂದರು. ಪರಿಸರ ನ್ಯಾಯದ ಬಗ್ಗೆ, ಅಂದರೆ ಮಾಲಿನ್ಯದ ಹೊರೆ ಬಡವರ, ಅಲ್ಪಸಂಖ್ಯಾತರ ಮೇಲೇ ಬೀಳಬಾರದು ಅಂತ, ಅಧ್ಯಕ್ಷರಾಗಿದ್ದ ಕ್ಲಿಂಟನ್ 1994ರಲ್ಲಿ ಹೊರಡಿಸಿದ್ದ ಆದೇಶ ಹೋಯಿತು. ಏಪ್ರಿಲ್‌ನಲ್ಲಿ ಲೌಂಡ್ಸ್ ಒಪ್ಪಂದವೂ ಹೋಯಿತು. ನ್ಯಾಯ ಇಲಾಖೆ ಕೊಟ್ಟ ಕಾರಣ, ಇದು ‘ಡಿಇಐ’ (ವೈವಿಧ್ಯ, ಸಮತೆ, ಎಲ್ಲರ ಒಳಗೊಳ್ಳುವಿಕೆ) ಅನ್ನುವ ಕನ್ನಡಕ ಹಾಕಿಕೊಂಡು ಮಾಡಿದ ಕೆಲಸ ಅಂತ.

ಎಂಥ ವಿಚಿತ್ರ ನೋಡಿ. ಟ್ಯಾಂಕ್ ಬೇಡ ಅಂತ ಯಾರೂ ಹೇಳಲಿಲ್ಲ. ಹೇಳಿದ್ದರೆ ನಗೆಪಾಟಲಾಗುತ್ತಿತ್ತು. ‘ನಮ್ಮ ತೆರಿಗೆ ದುಡ್ಡು ಅವರಿಗೇ ಯಾಕೆ’ ಅನ್ನುವ ಅಸಮಾಧಾನ ಮತದಾರರಲ್ಲಿ ಮೊದಲೇ ಇರುತ್ತದೆ. ಅದಕ್ಕೆ ಒಂದು ಹೆಸರು ಹಚ್ಚಿದರೆ ಸಾಕು, ಪೈಪಿನ ಮಾತು ಮರೆತೇ ಹೋಗುತ್ತದೆ. ಅದೇ ಮಣ್ಣಿನ ಮೇಲೆ ಬಡ ಬಿಳಿಯರೂ ಇದ್ದಾರೆ. ಅವರ ಬಚ್ಚಲೂ ತುಂಬುತ್ತದೆ.

ಒಪ್ಪಂದ ಬಿದ್ದ ಮೇಲೆ ರಾಜ್ಯದ ಆರೋಗ್ಯ ಇಲಾಖೆ ಒಂದು ಮಾತು ಹೇಳಿತು. ಈಗ ಕೈಯಲ್ಲಿರುವ ಅನುದಾನ ಮುಗಿಯುವವರೆಗೆ ಟ್ಯಾಂಕ್ ಹಾಕಿಸುವ ಕೆಲಸ ನಡೆಯುತ್ತದೆ ಅಂತ.