ಬೆನ್ನಿನ ನೀರು ಹೇಳುವ ಸುದ್ದಿ

ಮುಂಬಯಿಯ ಕನ್ನಡ ಕೇಳುಗರಿಗೆ ನಮಸ್ಕಾರ. ನಮ್ಮನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ ಮಿದುಳು ಮತ್ತು ಬೆನ್ನುಹುರಿಯ ನರಗಳ ಮಯಲಿನ್ ಹೊದಿಕೆಯನ್ನು ಕೆಡಿಸುವ ಕಾಯಿಲೆಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎನ್ನುತ್ತಾರೆ. ಹೆಚ್ಚಾಗಿ 20ರಿಂದ 40ರ ವಯಸ್ಸಿನ ಹೆಂಗಸರಲ್ಲಿ ಕಾಣಿಸುವ ಈ ಕಾಯಿಲೆಯ ಬಗ್ಗೆ ನಾನು ಇಂದು ಹೇಳಬೇಕೆಂದಿರುವುದು ಒಂದೇ ಮಾತು: ವೈದ್ಯರು ಬೆನ್ನಿನ ನೀರನ್ನು, ಅಂದರೆ ಮಿದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ದ್ರವವನ್ನು, ಪರೀಕ್ಷೆಗೆ ತೆಗೆಯಬೇಕೆಂದರೆ ಹೆದರಿ ಮುಂದೂಡಬೇಡಿ.

ಕೆಲವು ವರ್ಷಗಳ ಹಿಂದೆ ಡೊಂಬಿವಲಿಯಲ್ಲಿ ಹೋಟೆಲು ನಡೆಸುವ, ಕುಂದಾಪುರ ಕಡೆಯ ಹಿರಿಯರೊಬ್ಬರು 26 ವರ್ಷದ ಮಗಳನ್ನು ಕರೆತಂದರು. ಆಕೆಗೆ ಒಂದು ಕಣ್ಣು ಮಂಜಾಗಿತ್ತು, ಕಾಲುಗಳು ಜೋಮು ಹಿಡಿದಿದ್ದವು. "ಡಾಕ್ಟ್ರೇ, ರಕ್ತ ಎಷ್ಟು ಬೇಕಾದರೂ ತೆಗೆಯಿರಿ, ಬೆನ್ನಿಗೆ ಮಾತ್ರ ಸೂಜಿ ಬೇಡ. ಮದುವೆಯಾಗಬೇಕಾದ ಹುಡುಗಿ, ಕಾಲು ಬಿದ್ದುಹೋದೀತು" ಎಂದು ಎರಡು ತಿಂಗಳು ಅವರು ಒಪ್ಪಲೇ ಇಲ್ಲ. ಬೆನ್ನುಹುರಿ ಸೊಂಟದ ಮೊದಲೆರಡು ಮೂಳೆಗಳ ಬಳಿಯೇ ಮುಗಿಯುತ್ತದೆ, ಸೂಜಿ ಹೋಗುವುದು ಅದಕ್ಕಿಂತ ಕೆಳಗೆ, 1891ರಲ್ಲಿ ಜರ್ಮನಿಯ ವೈದ್ಯ ಕ್ವಿಂಕೆ ತೋರಿಸಿಕೊಟ್ಟ ಕ್ರಮವಿದು ಎಂದು ಚಿತ್ರ ಬರೆದು ಹೇಳಿದೆ. ಪ್ರಯೋಜನವಾಗಲಿಲ್ಲ. ಕೊನೆಗೆ ಕೇಳಿದೆ: "ಶೆಟ್ರೇ, ಅಡಿಗೆಮನೆಯೊಳಗಿನ ಜಗಳ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ನಿಮಗೆ ಕೇಳುತ್ತದೆಯೇ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳಗೆ ಹೋಗಿಯೇ ನೋಡಬೇಕು" ಎಂದರು. ಮರುದಿನವೇ ಪರೀಕ್ಷೆಯಾಯಿತು. ಬೆನ್ನಿನ ನೀರಿನಲ್ಲಿ ಆಲಿಗೋಕ್ಲೋನಲ್ ಪಟ್ಟಿಗಳೆಂಬ, ಪ್ರತಿಕಾಯಗಳ (ರೋಗಾಣುಗಳನ್ನು ಎದುರಿಸಲು ದೇಹ ತಯಾರಿಸುವ ಪ್ರೋಟೀನುಗಳ) ಗುರುತು ಸ್ಪಷ್ಟವಾಗಿತ್ತು. ಅದೇ ದಿನ ತೆಗೆದ ರಕ್ತದಲ್ಲಿ ಅದು ಇರಲೇ ಇಲ್ಲ; ಜಗಳ ಒಳಗೇ ನಡೆದಿತ್ತು, ಹೊರಗೆ ಕೇಳಿಸಿರಲಿಲ್ಲ.

ಎರಡು ತಿಂಗಳು ವ್ಯರ್ಥವಾದದ್ದು ನನಗೆ ಇಂದಿಗೂ ನೋವಿನ ವಿಷಯ.

ಬಿಳಿ ಕಣಗಳು ಒಂದನ್ನೊಂದು ಕೂಗಿ ಕರೆಯುವುದು ಸೈಟೊಕೈನ್, ಕೀಮೊಕೈನ್ ಎಂಬ ಸಣ್ಣ ಪ್ರೋಟೀನುಗಳ ಮೂಲಕ. ಅವುಗಳಲ್ಲಿ ಸಿಎಕ್ಸ್‌ಸಿಎಲ್-13 ಎಂಬುದು ಪ್ರತಿಕಾಯ ತಯಾರಿಸುವ ವಂಶದ ಬಿ-ಕಣಗಳನ್ನು ಕರೆಯುತ್ತದೆ; ಈ ಕಾಯಿಲೆಯ ಅನೇಕರ ಬೆನ್ನಿನ ನೀರಿನಲ್ಲಿ ಅದರ ಮಟ್ಟ ಏರಿರುತ್ತದೆ. ಬಿ-ಕಣಗಳನ್ನೇ ತಗ್ಗಿಸುವ ಒಕ್ರೆಲಿಜುಮ್ಯಾಬ್ ಔಷಧಕ್ಕೆ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಆ ವಿಚಾರ ವಿಸ್ತಾರವಾಗಿ ಹೇಳಲು ಈಗ ಸಮಯವಿಲ್ಲ.

ದೇಹದಲ್ಲಿ ಈ ಬೆನ್ನಿನ ನೀರು ಸುಮಾರು 150 ಮಿಲಿಲೀಟರ್ ಇರುತ್ತದೆ, ದಿನಕ್ಕೆ ಸುಮಾರು 500 ಮಿಲಿಲೀಟರ್ ಹೊಸದಾಗಿ ಹುಟ್ಟುತ್ತದೆ. ನಾವು ತೆಗೆಯುವ ಕೆಲವೇ ಚಮಚೆಯಷ್ಟು ನೀರು ಗಂಟೆಯೊಳಗೆ ತುಂಬಿಕೊಳ್ಳುತ್ತದೆ. ಆದ್ದರಿಂದ ದಯವಿಟ್ಟು ಹೆದರಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮೊದಲೇ ತಿಳಿಸಿರಿ. ಪರೀಕ್ಷೆಯ ನಂತರ ಎದ್ದು ಕುಳಿತಾಗ ತಲೆನೋವು ಬಂದರೆ ಮಲಗಿರಿ, ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಹೋಗುತ್ತದೆ. ಶೆಟ್ಟರ ಮಗಳಿಗೂ ಬಂದಿತ್ತು, ಮೂರನೆಯ ದಿನ ಹೋಯಿತು. ನಮಸ್ಕಾರ.